ಅಣ್ಣನ ಡಂಗರಿ ಇಜಾರು

ಗೇರುಹಣ್ಣಿನ ಕಲೆ ತೆಗೆಯುವುದು ಹೇಗೆಂದು ಕೇಳಿದವರಿಗೆಲ್ಲ ನಾನು ಒಂದೇ ಉತ್ತರ ಕೊಡುತ್ತೇನೆ: ತೆಗೆಯಲು ಹೋಗಬೇಡಿ, ಸುಮ್ಮನೆ ಕೂತುಕೊಳ್ಳಿ. ಕೇಳಿದವರಿಗೆ ಸಿಟ್ಟು ಬರುತ್ತದೆ. ಬರಲಿ. ಅಂಟುವಾಳ, ಬಿಂಬುಳಿ, ಸುಣ್ಣ, ಚಿಮಣಿ ಎಣ್ಣೆ, ಬೂದಿನೀರು, ಇಷ್ಟನ್ನೂ ಒಂದೇ ವಾರದಲ್ಲಿ ಒಂದೇ ಬಟ್ಟೆಗೆ ತಿಕ್ಕಿದ ಹೆಂಗಸು ಮುಳ್ಳೇರಿಯದಿಂದ ಪೆರ್ಲದವರೆಗೆ ನಾನಲ್ಲದೆ ಇನ್ನೊಬ್ಬಳು ಇರಲಾರಳು. ಸುಮ್ಮನೆ ಕೂರಲು ನನಗೆ ಆಗ ಬರುತ್ತಿರಲಿಲ್ಲ. ಈಗಲೂ ಬರುವುದಿಲ್ಲ ಎಂದು ಮಕ್ಕಳು ಹೇಳುತ್ತಾರೆ.

ಯುದ್ಧ ಮುಗಿದಿತ್ತು, ಬಟ್ಟೆಯ ಬರ ಮುಗಿದಿರಲಿಲ್ಲ. ಕಾರ್ಡು ಹಿಡಿದು ಸಾಲಿನಲ್ಲಿ ನಿಂತರೆ ಮನೆಗೆ ಇಷ್ಟು ಗಜ ಎಂದು ಹರಿದುಕೊಡುತ್ತಿದ್ದ ಕಾಲ. ಕಾಸರಗೋಡು ಆಗ ಇನ್ನೂ ಕೇರಳಕ್ಕೆ ಸೇರಿರಲಿಲ್ಲ. ಸರಕಾರ ಮದರಾಸಿನದು, ನಮಗೆ ಪೇಟೆ ಎಂದರೆ ಮಂಗಳೂರು. ಮುಳ್ಳೇರಿಯದಿಂದ ಎರಡು ಮೈಲಿ ಒಳಗೆ, ಗೇರುಗುಡ್ಡೆಯ ಬುಡದಲ್ಲಿ ನಮ್ಮ ಮನೆ. ಅಪ್ಪ ತೀರಿಹೋಗಿದ್ದರು. ಮನೆಯಲ್ಲಿದ್ದದ್ದು ಅಮ್ಮ, ನಾನು, ಬೊಂಬಾಯಿಯಿಂದ ಚಳಿಜ್ವರ ಹೊತ್ತುಕೊಂಡು ಬಂದು ಆರು ತಿಂಗಳಿಂದ ಊರಿನಲ್ಲಿಯೇ ಉಳಿದಿದ್ದ ಅಣ್ಣ. ನನಗೆ ಹತ್ತೊಂಬತ್ತು, ಅವನಿಗೆ ಇಪ್ಪತ್ತಮೂರು.

ಅಣ್ಣನಿಗೆ ಬೊಂಬಾಯಿಯ ಗೋದಿಯಲ್ಲಿ, ಎಂದರೆ ಹಡಗುಗಳನ್ನು ತಂದು ನಿಲ್ಲಿಸಿ ರಿಪೇರಿ ಮಾಡುವ ಕಡೆ, ಕೆಲಸ ಇತ್ತು. ಅಲ್ಲಿಂದ ಅವನು ತಂದ ವಸ್ತುಗಳಲ್ಲಿ ಊರಿನವರೆಲ್ಲ ಮುಟ್ಟಿ ನೋಡಿದ್ದು ಒಂದೇ ಒಂದು, ಅವನ ಡಂಗರಿ ಇಜಾರು. ಈಗಿನವರು ಜೀನ್ಸು ಎನ್ನುತ್ತಾರಲ್ಲ, ಅದೇ ಜಾತಿಯ ದಪ್ಪ ನೀಲಿ ಬಟ್ಟೆ. ನಿಲ್ಲಿಸಿದರೆ ತಾನಾಗಿ ನಿಲ್ಲುತ್ತಿತ್ತು. ನಮ್ಮೂರಿನಲ್ಲಿ ಕಾಲು ಮುಚ್ಚುವ ಇಜಾರು ಹಾಕುತ್ತಿದ್ದವರು ಬೆರಳಲ್ಲಿ ಎಣಿಸುವಷ್ಟು ಜನ, ಉಳಿದವರದ್ದೆಲ್ಲ ಮುಂಡು. ಆದರೆ ಗೋದಿಯಲ್ಲಿ ಮುಂಡು ಉಟ್ಟು ಬಂದವನನ್ನು ಗೇಟಿನಲ್ಲಿಯೇ ನಿಲ್ಲಿಸುತ್ತಿದ್ದರಂತೆ, ಬಟ್ಟೆಯ ಚುಂಗು ಚಕ್ರಕ್ಕೆ ಸಿಕ್ಕಿಬಿಟ್ಟರೆ ಮನುಷ್ಯನೂ ಹೋದ ಎಂದು. ಹಾಗಾಗಿ ಆ ಇಜಾರು ಇದ್ದರೆ ಕೆಲಸ, ಇಲ್ಲದಿದ್ದರೆ ಇಲ್ಲ. ಇನ್ನೊಂದು ಹೊಲಿಸೋಣ ಎಂದರೆ ಅಂಥ ಬಟ್ಟೆ ಕಾಸರಗೋಡಿನಲ್ಲಿ ಬಿಡಿ, ಮಂಗಳೂರಿನಲ್ಲಿಯೂ ಹುಟ್ಟುತ್ತಿರಲಿಲ್ಲ.

ಬಿಸು ಹಬ್ಬ ಕಳೆದ ಮೇಲೆ ಬೊಂಬಾಯಿಯ ಮೇಸ್ತ್ರಿಯಿಂದ ಕಾರ್ಡು ಬಂತು. ಜಾಗ ಖಾಲಿ ಉಂಟು, ಮಳೆಗೆ ಮುಂಚೆ ಬಂದರೆ ನಿನಗೆ, ಇಲ್ಲದಿದ್ದರೆ ಬೇರೆಯವರಿಗೆ ಎಂದು. ಮಂಗಳೂರಿನಿಂದ ಬೊಂಬಾಯಿಗೆ ಹೋಗುವ ಹಡಗು ಮಳೆ ಹಿಡಿದರೆ ನಿಂತೇಹೋಗುತ್ತಿತ್ತು. ಕಡೆಯ ಹಡಗಿಗೆ ಇನ್ನು ಇಪ್ಪತ್ತು ದಿನ ಇತ್ತು.

ಆ ಕಾರ್ಡು ಓದಿ ಅಣ್ಣನಿಗಿಂತ ಹೆಚ್ಚು ಕುಣಿದವಳು ನಾನು. ಕಾರಣ ಹೇಳುತ್ತೇನೆ. ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ಹೆರಿಗೆ ಮಾಡಿಸುವ ದಾದಿಯರ ತರಬೇತಿಗೆ ನಾನು ಅರ್ಜಿ ಹಾಕಿದ್ದೆ, ಬಾ ಎಂದು ಕಾಗದವೂ ಬಂದಿತ್ತು. ಅಮ್ಮ ಆ ಕಾಗದವನ್ನು ಅಕ್ಕಿಮುಡಿಯ ಮೇಲಿಟ್ಟು ಒಂದೇ ಮಾತು ಹೇಳಿದ್ದರು.

“ನೋಡು, ಅಣ್ಣ ಬೊಂಬಾಯಿಗೆ ಹೋದ್ರೆ ನೀನೂ ಹೋಗು, ನಾನು ಬೇಡ ಹೇಳುದಿಲ್ಲ. ಅವ ಇಲ್ಲೇ ಉಳಿದ್ರೆ ಅವನಿಗೆ ಈ ವರ್ಷವೇ ಮದುವೆ ಮಾಡ್ಬೇಕು. ತಂಗಿಯದ್ದು ಆಗದೆ ಅಣ್ಣನದ್ದು ಹೇಗೆ ಮಾಡುದು? ಬಾಯಾರು ಊರಿನವರು ನಿನ್ನನ್ನು ಕೇಳ್ತಾ ಇದ್ದಾರೆ. ಅಷ್ಟೇ.”

ಅಷ್ಟೇ ಎಂದರೆ ಅಷ್ಟೇ. ನಮ್ಮ ಕಡೆ ಮದುವೆಗೆ ಬಂದ ತಂಗಿ ಮನೆಯಲ್ಲಿರುವಾಗ ಅಣ್ಣ ಹೆಣ್ಣು ನೋಡಲು ಹೊರಡುವುದಿಲ್ಲ. ಬಾಯಾರಿನ ಆ ಗಂಡು ಒಳ್ಳೆಯವನೇ ಇದ್ದಿರಬಹುದು, ಪಾಪ, ನಾನು ಅವನ ಮುಖ ನೋಡಿದವಳೇ ಅಲ್ಲ. ನೋಡುವ ಆಸೆಯೂ ಇರಲಿಲ್ಲ. ನನಗೆ ಬೇಕಾದದ್ದು ಮಂಗಳೂರು, ಬಿಳಿ ಸೀರೆ, ಕೈಯಲ್ಲಿ ಒಂದು ಚರ್ಮದ ಚೀಲ. ಎದುರುಮನೆಯ ಹೆಂಗಸು ಮೂರು ದಿನ ಹೆರಿಗೆ ನೋವು ತಿಂದು ಸತ್ತದ್ದನ್ನು ನಾನು ಹದಿನಾಲ್ಕನೆಯ ವಯಸ್ಸಿನಲ್ಲಿ ಬಾಗಿಲ ಬಳಿ ನಿಂತು ಕೇಳಿದ್ದೆ. ನೋಡಲು ಬಿಟ್ಟಿರಲಿಲ್ಲ, ಕೇಳಿದ್ದು ಮಾತ್ರ. ಆಮೇಲೆ ಮನೆಗೆಲಸ, ಗೇರುಬೀಜ, ದನದ ಹಟ್ಟಿ, ಯಾವುದರಲ್ಲೂ ನನ್ನ ಮನಸ್ಸು ನಿಂತಿರಲಿಲ್ಲ.

ಹಾಗಿರುವಾಗ ಆ ಇಜಾರಿಗೆ ಕಲೆ ಮಾಡಿದ್ದು ಯಾರು? ನಾನೇ. ಬೇರೆ ಯಾರಿಗಾದರೂ ಅಷ್ಟು ಬುದ್ಧಿ ಇರಲು ಸಾಧ್ಯವೇ?

ಗುಡ್ಡೆಯ ತುದಿಯಲ್ಲಿ ಒಂದು ದೊಡ್ಡ ಗೇರುಮರ ಇತ್ತು. ಕೊಂಬೆಕೊಂಬೆಗೂ ಕೆಂಜಿರುವೆಯ ಗೂಡು. ಅಣ್ಣನಿಗೆ ಇನ್ನೂ ನಿತ್ರಾಣ, ಮರ ಹತ್ತಬಾರದು ಎಂದು ಅಮ್ಮ ಹೇಳಿದ್ದರು. ಸೀರೆ ಉಟ್ಟು ನಾನು ಹತ್ತಿದರೆ ಇರುವೆಗಳು ಎಲ್ಲೆಲ್ಲಿ ಕಚ್ಚುತ್ತವೆ ಎಂದು ಹೇಳಬೇಕಾಗಿಲ್ಲ. ಅಣ್ಣ ಮುಳ್ಳೇರಿಯಕ್ಕೆ ಹೋಗಿದ್ದ ಒಂದು ಬೆಳಿಗ್ಗೆ ನನಗೆ ಹೊಳೆಯಿತು. ಅವನ ಪೆಟ್ಟಿಗೆಯಿಂದ ಇಜಾರು ತೆಗೆದು, ಸೀರೆಯೊಳಗೆ ಸುತ್ತಿಕೊಂಡು ಗುಡ್ಡೆಗೆ ಹೋದೆ. ಪೊದೆಯ ಮರೆಯಲ್ಲಿ ಹಾಕಿಕೊಂಡು ಕಾಲಿನ ತುದಿಯನ್ನು ಬಾಳೆನಾರಿನಿಂದ ಬಿಗಿದು ಕಟ್ಟಿದೆ. ಒಂದು ಇರುವೆ ಒಳಗೆ ಬರಬೇಕಲ್ಲ! ಆ ಇಜಾರಿನಲ್ಲಿ ಕಾಲನ್ನು ಎಲ್ಲಿ ಬೇಕಾದರೂ ಇಡಬಹುದಿತ್ತು, ಹೇಗೆ ಬೇಕಾದರೂ ಕೂರಬಹುದಿತ್ತು. ಗಂಡಸರು ಇಷ್ಟು ಸುಖದಲ್ಲಿ ಓಡಾಡುತ್ತಾರಾ ಎಂದು ಹೊಟ್ಟೆಕಿಚ್ಚೇ ಬಂತು. ಮರದ ತುದಿಯವರೆಗೆ ಹೋದೆ, ಕೊಂಬೆ ಕುಲುಕಿದೆ, ಹಣ್ಣು ಉದುರಿಸಿದೆ. ಇಳಿಯುವಾಗ ಕಡೆಯ ನಾಲ್ಕು ಅಡಿ ಹಾರಿದೆ, ಕಾಲು ಜಾರಿತು, ಉದುರಿಸಿದ ಹಣ್ಣಿನ ರಾಶಿಯ ಮೇಲೆಯೇ ಕುಕ್ಕರಿಸಿ ಕೂತೆ.

ಗೇರುಹಣ್ಣಿನ ರಸ ಬಿದ್ದಾಗ ನೀರಿನ ಹಾಗೆಯೇ ಕಾಣುತ್ತದೆ. ಅದೇ ಅದರ ಮೋಸ. ಒದ್ದೆ ಆಯಿತು, ಒಣಗುತ್ತದೆ ಎಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಇಜಾರಿನ ಹಿಂಬದಿಯಲ್ಲಿ ಊಟದ ತಟ್ಟೆಯಷ್ಟು ದೊಡ್ಡ ಕಂದು ಕಲೆ ಎದ್ದು ಕೂತಿತ್ತು. ನೋಡಿದವರು ಯಾರಾದರೂ ಏನೆಂದುಕೊಂಡಾರು ಎಂದು ನೆನೆದು ನನಗೆ ಮೊದಲು ನಗು, ಆಮೇಲೆ ಅಳು, ಆಮೇಲೆ ನನ್ನ ಮೇಲೆಯೇ ಕಡುಕೋಪ ಬಂತು.

ಅಣ್ಣನಿಗೆ ಹೇಳಬಹುದಿತ್ತು. ಹೇಳಲಿಲ್ಲ. ಅಣ್ಣನ ಇಜಾರು ಹಾಕಿಕೊಂಡು ಮರ ಹತ್ತಿದೆ ಎಂದು ಹೇಗೆ ಹೇಳುವುದು? ಹೆಣ್ಣುಮಗಳು ಇಜಾರು ಹಾಕಿದಳು ಎಂದು ಅಮ್ಮನಿಗೆ ಗೊತ್ತಾದರೆ ಮಂಗಳೂರಿನ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಅದನ್ನು ಒಯ್ದು ಸೌದೆಕೊಟ್ಟಿಗೆಯ ಹಿಂದೆ ಹುಗಿಸಿಟ್ಟು ಕಲೆ ತೆಗೆಯಲು ತೊಡಗಿದೆ.

ಅಂಟುವಾಳದ ನೊರೆಯಲ್ಲಿ ಉಜ್ಜಿದೆ. ನೊರೆ ಕಪ್ಪಾಯಿತು, ಕಲೆ ಹಾಗೆಯೇ. ಬಿಂಬುಳಿ ಕಾಯಿಯ ಹುಳಿ ಹಿಂಡಿದೆ, ಕಬ್ಬಿಣದ ತುಕ್ಕು ಹೋಗುತ್ತದೆ ಅದರಲ್ಲಿ, ಗೇರಿನದು ಹೋಗಲಿಲ್ಲ, ಉಜ್ಜಿ ಉಜ್ಜಿ ನನ್ನ ಬೆರಳಿಗಾಗಿದ್ದ ಗಾಯ ಉರಿಯಿತು. ಸುಣ್ಣ ಹಚ್ಚಿದೆ. ಅಯ್ಯೋ, ಅದನ್ನು ಹಚ್ಚಬಾರದಿತ್ತು, ಕಂದು ಇದ್ದದ್ದು ಕಪ್ಪಾಯಿತು. ಚಿಮಣಿ ಎಣ್ಣೆ ಹಾಕಿ ತಿಕ್ಕಿದ ದಿನ ಮನೆಯೆಲ್ಲ ನಾತ. “ಎಂತ ಮಾರಾಯ್ತಿ ಇದು, ದೀಪ ಕವುಚಿ ಹಾಕಿದ್ಯಾ?” ಎಂದು ಅಮ್ಮ ಕೇಳಿದರು. ಹೌದು ಎಂದು ಸುಳ್ಳು ಹೇಳಿ ಬೈಸಿಕೊಂಡೆ. ಪ್ರತಿದಿನ ಹಡಗಿಗೆ ಒಂದು ದಿನ ಹತ್ತಿರವಾಗುತ್ತಿತ್ತು. ಕಾಲು ಸುಟ್ಟ ಬೆಕ್ಕಿನ ಹಾಗೆ ಒಳಗೂ ಹೊರಗೂ ತಿರುಗುತ್ತಿದ್ದೆ. ಊಟಕ್ಕೆ ಕೂತರೆ ಎರಡು ತುತ್ತು, ಎದ್ದು ಸೌದೆಕೊಟ್ಟಿಗೆಗೆ.

ಕಡೆಗೆ ನಮ್ಮ ಬಟ್ಟೆ ಒಗೆಯಲು ಬರುತ್ತಿದ್ದ ಮಡಿವಾಳ್ತಿ ಅಜ್ಜಿಯನ್ನು ಕೇಳಿದೆ. ನನ್ನದೇ ಸೀರೆಗೆ ಆದದ್ದು ಎಂದು ಹೇಳಿ ಕೇಳಿದೆ. ಅಜ್ಜಿ ಎಲೆಯಡಿಕೆ ಉಗಿದು ಹೇಳಿದಳು:

“ಗೇರಿನ ಕಲೆ ಗೇರುಕಾಲ ಹೋದ ಮೇಲೆ ತನ್ನಷ್ಟಕ್ಕೆ ಹೋಗ್ತದೆ ಮಗಾ. ಮರದಲ್ಲಿ ಹಣ್ಣು ಇರುವವರೆಗೆ ದೇವರು ಬಂದು ಒಗೆದ್ರೂ ಹೋಗುದಿಲ್ಲ. ಮಳೆ ಬರ್ಲಿ.”

“ಮಳೆ ಬರುವವರೆಗೆ ಕಾಯ್ಲಿಕ್ಕೆ ಆಗುದಿಲ್ಲ ಅಜ್ಜಿ.”

“ಹಾಗಾದ್ರೆ ಬೂದಿನೀರಲ್ಲಿ ಮುಳುಗಿಸಿ ಇಡು. ಹೋದ್ರೆ ಕಲೆ ಹೋಗ್ತದೆ, ಇಲ್ಲದಿದ್ರೆ ಸೀರೆ ಹೋಗ್ತದೆ. ಎರಡರಲ್ಲಿ ಒಂದು ಹೋಗ್ತದೆ.”

ಮುದುಕಿ ನಗುತ್ತಾ ಹೊರಟುಹೋದಳು. ನಾನು ಒಲೆಯ ಬೂದಿ ಸೋಸಿ ದೊಡ್ಡ ಮಡಕೆಯೊಂದರಲ್ಲಿ ಬೂದಿನೀರು ಮಾಡಿ, ಇಜಾರನ್ನು ಅದುಮಿ ಮುಳುಗಿಸಿ, ಮೇಲೆ ಅಡಿಕೆ ಹಾಳೆ ಮುಚ್ಚಿದೆ. ಸೌದೆ ತರಲು ಯಾರಾದರೂ ಬಂದರೆ ಕಾಣುತ್ತದೆಂದು ಮಡಕೆಯನ್ನು ಹಟ್ಟಿಯ ಮೂಲೆಗೆ ಸಾಗಿಸಿದೆ. ಹಟ್ಟಿಯ ಒಳಗೆ ಮಡಕೆ ಇದ್ದರೆ ಯಾರು ಕೇಳುತ್ತಾರೆ? ದನಕ್ಕೆ ಅಕ್ಕಚ್ಚು, ಅಕ್ಕಿ ತೊಳೆದ ನೀರು, ಇಡುವ ಮಡಕೆ ಎಂದುಕೊಳ್ಳುತ್ತಾರೆ ಎಂದು ನನ್ನ ಲೆಕ್ಕ.

ಲೆಕ್ಕ ಸರಿಯಾಗಿಯೇ ಇತ್ತು. ಅಮ್ಮ ಹಾಗೆಯೇ ಅಂದುಕೊಂಡರು. ಹಸು ಕರು ಹಾಕಿ ವಾರವಾಗಿತ್ತು. ಬಾಣಂತಿ ದನಕ್ಕೆ ತೌಡು, ಗಂಜಿತಿಳಿ, ಮೇಲೊಂದು ಮುಷ್ಟಿ ಬೆಲ್ಲ. ಮರುದಿನ ಸಂಜೆ ನಾನು ಹೋಗಿ ಹಾಳೆ ಎತ್ತಿದರೆ ಬೂದಿನೀರಿನ ಮೇಲೆ ತೌಡು ತೇಲುತ್ತಿದೆ, ಬೆಲ್ಲದ ವಾಸನೆ ಬರುತ್ತಿದೆ. ಇಜಾರು ತಳದಲ್ಲಿದ್ದ ಕಾರಣ ಅಮ್ಮನಿಗೆ ಕಂಡಿರಲಿಲ್ಲ. ಹಸುವೂ ಮೂಸಿ ನೋಡಿ ಮುಖ ತಿರುಗಿಸಿತ್ತು.

“ಅಮ್ಮ, ಇನ್ನು ಹಟ್ಟಿಯದ್ದು ನಾನು ನೋಡಿಕೊಳ್ತೇನೆ” ಎಂದೆ.

ಅಮ್ಮ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. ಸೆಗಣಿ ಕಂಡರೆ ಮೂಗು ಮುಚ್ಚುವವಳಿಗೆ ಇದೆಂಥ ಬುದ್ಧಿ ಬಂತು ಎಂದು ಅವರಿಗೆ ಆಶ್ಚರ್ಯ. ಆಮೇಲೆ ಮುಖ ಅರಳಿತು. “ಒಳ್ಳೇದು ಮಗಾ. ಬಾಯಾರಿನವರಲ್ಲಿ ಎಂಟು ದನ ಉಂಟಂತೆ. ಅಭ್ಯಾಸ ಆಗ್ಲಿ” ಎಂದರು. ಆದರೂ ಅವರ ಕೈ ಸುಮ್ಮನೆ ಇರಬೇಕಲ್ಲ! ನಾನು ಕೆರೆಗೆ ಹೋದ ಹೊತ್ತು ನೋಡಿ ಮತ್ತೆರಡು ಸಲ ತೌಡು ಬೆಲ್ಲ ಸುರಿದರು. ಬೇಡ ಎಂದರೆ ಯಾಕೆ ಎಂದು ಹೇಳಬೇಕು. ಸುಮ್ಮನಾದೆ.

ಇತ್ತ ಅಣ್ಣ ಪೆಟ್ಟಿಗೆ ತೆರೆದಿದ್ದ. ಇಜಾರು ಇಲ್ಲ. ಅಂಗಳ, ಅಟ್ಟ, ಬಾವಿಕಟ್ಟೆ ಎಲ್ಲ ಹುಡುಕಿದ.

“ನೀನು ಎಲ್ಲಿಯಾದ್ರೂ ನೋಡಿದ್ಯಾ?”

“ನಾನ್ಯಾಕೆ ನಿನ್ನ ಇಜಾರು ನೋಡ್ಲಿ? ನನಗೇನು ಬೇರೆ ಕೆಲಸ ಇಲ್ವಾ? ನನ್ನನ್ನು ಕೇಳ್ತಾನೆ!”

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎಂಬ ಗಾದೆ ನನಗಾಗಿಯೇ ಹುಟ್ಟಿದ್ದು. ಬಟ್ಟೆಯ ಬರದಲ್ಲಿ ಅಂಗಳದಿಂದ ಪಂಚೆ, ಕಚ್ಚೆ ಕೂಡ ಕಳವಾಗುತ್ತಿದ್ದ ಕಾಲ. ಒಣಹಾಕಿದ್ದನ್ನು ಯಾರೋ ಎತ್ತಿಕೊಂಡು ಹೋಗಿರಬೇಕು ಎಂದು ಅಮ್ಮ ತೀರ್ಮಾನಿಸಿದರು. ಕದ್ದವನ ಏಳು ತಲೆಮಾರಿಗೆ ಶಾಪವನ್ನೂ ಹಾಕಿದರು. ನಾನು ತಲೆ ತಗ್ಗಿಸಿ ಅಕ್ಕಿ ಆರಿಸುತ್ತಿದ್ದೆ. ಕಲೆ ಹೋದ ಕೂಡಲೇ ಒಣಗಿಸಿ ಗುಡ್ಡೆಯ ಪೊದೆಯಲ್ಲಿ ಸಿಕ್ಕಿತು ಎಂದು ತಂದುಕೊಟ್ಟರಾಯಿತು, ಎಲ್ಲ ಸರಿಹೋಗುತ್ತದೆ ಎಂದು ನನ್ನ ಎಣಿಕೆ.

ಆ ದಿನಗಳಲ್ಲಿ ನಾನು ಗಮನಿಸಬೇಕಾಗಿದ್ದ ಸಂಗತಿ ಒಂದಿತ್ತು. ಗಮನಿಸಿದೆ, ಆದರೆ ಅರ್ಥವಾಗಲಿಲ್ಲ. ಇಜಾರು ಕಳೆದುಹೋದ ಮೇಲೆ ಅಣ್ಣ ಗೆಲುವಾದ. ಆರು ತಿಂಗಳು ಗಂಜಿಯಲ್ಲಿ ಬೆರಳಾಡಿಸಿ ಏಳುತ್ತಿದ್ದವನು ಎರಡು ಸಲ ಬಡಿಸಿಕೊಂಡ. ತೊಂಡೆಚಪ್ಪರ ಕಟ್ಟಿದ. ಕರುವಿನ ಕೊರಳಿಗೆ ತೆಂಗಿನ ನಾರಿನ ಹಗ್ಗ ಹೊಸೆದ. ಯಾವುದೋ ಯಕ್ಷಗಾನದ ಪದ ಗುನುಗುತ್ತಿದ್ದ. ನನಗೆ ಮೈಯೆಲ್ಲ ಉರಿ. ಹಡಗಿಗೆ ಒಂಬತ್ತು ದಿನ ಉಳಿದಿದೆ, ಹಾಕಲು ಇಜಾರು ಇಲ್ಲ, ಇವನು ತೊಂಡೆಬಳ್ಳಿಗೆ ಕೋಲು ನೆಡುತ್ತಾನೆ! ನನ್ನ ಹೊಟ್ಟೆಯಲ್ಲಿ ಬೆಂಕಿ ಬಿದ್ದಿದೆ, ಇವನಿಗೆ ಪದ!

ಐದನೆಯ ದಿನ ಮಡಕೆಯಲ್ಲಿ ಕೈ ಹಾಕಿ ನೋಡಿದೆ. ಹುಳಿ ನಾತ, ಮೇಲೆ ತಾಮ್ರದ ಬಣ್ಣದ ಕೆನೆ. ಇಜಾರಿನ ಒಂದು ತುದಿ ಎಳೆದರೆ ಹಸಿರು ಮಿಶ್ರಿತ ಹಳದಿ. ನೀಲಿ ಇಲ್ಲವೇ ಇಲ್ಲ. ಬಟ್ಟೆಯ ಬಣ್ಣವನ್ನೇ ಕೊಂದೆ ಎಂದು ಗಾಬರಿಯಾಗಿ ಮತ್ತೆ ಅದುಮಿ ಮುಚ್ಚಿಬಿಟ್ಟೆ. ಹೊರಗೆ ಬಂದು ನೋಡಿದರೆ ನನ್ನ ಬೆರಳು, ಉಗುರು ಎಲ್ಲ ನೀಲಿ. ಎಷ್ಟು ತಿಕ್ಕಿದರೂ ಹೋಗಲಿಲ್ಲ. ಸೆರಗಿನಲ್ಲಿ ಸುತ್ತಿಕೊಂಡು ತಿರುಗಿದೆ.

ಅದೇ ಮಧ್ಯಾಹ್ನ ಅಂಗಳದಲ್ಲಿ ಗೇರುಬೀಜ ಹರಡಿ ಒಣಗಿಸುತ್ತಿದ್ದೆವು. ಅಮ್ಮ ಮಲಗಿದ್ದರು. ಅಣ್ಣ ಕಾಲಿನಿಂದ ಬೀಜ ಆಡಿಸುತ್ತಾ ಇದ್ದಕ್ಕಿದ್ದ ಹಾಗೆ ಹೇಳಿದ:

“ಆ ಇಜಾರು ಹೋದದ್ದು ಒಳ್ಳೇದೇ ಆಯ್ತು.”

“ಎಂತ ಹೇಳ್ತಿ ನೀನು?”

“ಹಡಗಿನ ಬಾಯ್ಲರ್ ಗೊತ್ತುಂಟಾ ನಿನಗೆ? ನಮ್ಮ ಅಕ್ಕಿಕಣಜಕ್ಕಿಂತ ದೊಡ್ಡದು, ಕಬ್ಬಿಣದ್ದು. ಅದರೊಳಗೆ ಹೋಗ್ಲಿಕ್ಕೆ ಒಂದು ಸಣ್ಣ ತೂತು. ಭುಜ ಓರೆ ಮಾಡಿ ನುಗ್ಗಬೇಕು. ಒಳಗೆ ಕೂತು ತುಕ್ಕು ಕೆರೆಯುದು ನನ್ನ ಕೆಲಸ. ಒಂದು ದಿನ ನಾನು ಒಳಗಿದ್ದೇನೆ ಹೇಳಿ ಯಾರಿಗೂ ನೆನಪಿಲ್ಲ. ಎಲ್ಲ ಊಟಕ್ಕೆ ಹೋದ್ರು, ದೀಪ ಆರಿತು. ತೂತು ಎಲ್ಲಿ ಉಂಟು ಹೇಳಿ ಸಿಗ್ಲಿಲ್ಲ ನನಗೆ. ಕಬ್ಬಿಣ ಬಡಿದೆ, ಕಿರುಚಿದೆ. ನನ್ನ ಸ್ವರವೇ ತಿರುಗಿ ನನ್ನ ಕಿವಿಗೆ ಬಡಿಯುತ್ತಿತ್ತು. ಎಷ್ಟು ಹೊತ್ತು ಗೊತ್ತಿಲ್ಲ. ಮತ್ತೆ ಬಂದು ಎಳೆದರು.” ಅವನು ಬೀಜ ಆಡಿಸುವುದನ್ನು ನಿಲ್ಲಿಸಿದ. “ಆಮೇಲೆ ಆ ತೂತು ಕಂಡ್ರೆ ನನಗೆ ಉಸಿರು ಬರುದಿಲ್ಲ. ಚಳಿಜ್ವರ ಒಂದು ತಿಂಗಳಲ್ಲಿ ಬಿಟ್ಟಿತ್ತು ಮಾರಾಯ್ತಿ. ಉಳಿದ ಐದು ತಿಂಗಳು ನಾನು ಸುಮ್ಮನೆ ಮಲಗಿದ್ದು.”

ನಾನು ಮಗುಚಿದ ಬೀಜವನ್ನೇ ಮತ್ತೆ ಮಗುಚಿದೆ.

“ಹೆದರಿಕೆ ಆಗ್ತದೆ ಹೇಳಿ ಗಂಡಸಾದವ ಊರಲ್ಲಿ ಹೇಗೆ ಹೇಳುದು? ಈಗ ಇಜಾರು ಇಲ್ಲ, ಹೋಗ್ಲಿಕ್ಕೆ ಆಗುದಿಲ್ಲ ಹೇಳಬಹುದು. ಮೇಸ್ತ್ರಿಗೆ ಕಾರ್ಡು ಬರೆದಿಟ್ಟಿದ್ದೇನೆ. ನಾಡಿದ್ದು ಮುಳ್ಳೇರಿಯಕ್ಕೆ ಹೋಗುವಾಗ ಹಾಕ್ತೇನೆ.” ನನ್ನ ಕಡೆ ನೋಡಿದ. “ನಿನ್ನ ಮಂಗಳೂರು ಹೋಗ್ತದೆ. ಅದು ನನಗೆ ಗೊತ್ತುಂಟು.”

ಸತ್ಯ ಹೇಳುತ್ತೇನೆ, ಆ ಹೊತ್ತಿನಲ್ಲಿ ನನಗೆ ಅವನ ಮೇಲೆ ಕನಿಕರ ಬರಲಿಲ್ಲ. ಕೋಪ ಬಂತು. ನನಗೆ ಯಾಕೆ ಹೇಳಿದ? ಹೇಳದೆ ಇದ್ದಿದ್ದರೆ ನಾನು ನಗುನಗುತ್ತಾ ಇಜಾರು ತಂದುಕೊಡುತ್ತಿದ್ದೆ, ಅವನು ಹಲ್ಲು ಕಚ್ಚಿ ಹೋಗುತ್ತಿದ್ದ, ನನಗೆ ಏನೂ ಗೊತ್ತಾಗುತ್ತಿರಲಿಲ್ಲ. ಹೇಳಿ ನನ್ನ ತಲೆಯ ಮೇಲೆ ಹೊರೆ ಇಟ್ಟ. ಆ ಬೀಜಗಳನ್ನೆಲ್ಲ ಅವನ ಮುಖಕ್ಕೆ ಎರಚಬೇಕು ಅನಿಸಿತು. ಎದ್ದು ಒಳಗೆ ಹೋದೆ. ಒಳಗೆ ಹೋದವಳು ಹೊರಗೆ ಬಂದೆ. ಬಾವಿಯಿಂದ ಬೇಡದ ನೀರು ಸೇದಿ ಬೇಡದ ಕಡೆ ಚೆಲ್ಲಿದೆ.

ಮರುದಿನ ಇಡೀ ದಿನ ಹಾಗೆಯೇ. ಅಮ್ಮ ಬಾಯಾರಿಗೆ ಹೇಳಿಕಳುಹಿಸುವ ಮಾತು ಆಡುತ್ತಿದ್ದರು. ಬರುವ ಸೋಮವಾರ ಅವರು ಬಂದು ನೋಡಿಕೊಂಡು ಹೋಗಲಿ ಎಂದರು. ಯಾವ ಸೀರೆ ಉಡುತ್ತಿ ಎಂದು ಕೇಳಿದರು. ಅವನು ಬಾಯ್ಲರಿನೊಳಗೆ ಕೂತದ್ದು ಕಣ್ಣಿಗೆ ಕಟ್ಟುತ್ತಿತ್ತು. ಬಾಯಾರಿನ ಹಟ್ಟಿಯಲ್ಲಿ ನಾನು ಕೂತದ್ದೂ ಕಟ್ಟುತ್ತಿತ್ತು. ಒಂದನ್ನು ಅತ್ತ ದೂಡಿದರೆ ಇನ್ನೊಂದು ಬಂದು ನಿಲ್ಲುತ್ತಿತ್ತು. ಇಜಾರು ಕೊಳೆತುಹೋಗಿರಲಿ, ಹರಿದು ಚಿಂದಿಯಾಗಿರಲಿ, ಆಗ ನಾನು ಏನನ್ನೂ ತೀರ್ಮಾನಿಸಬೇಕಾಗಿಲ್ಲ ಎಂದು ದೈವಕ್ಕೆ ಹೇಳಿಕೊಂಡೆ.

ಏಳನೆಯ ದಿನ ಬೆಳಿಗ್ಗೆ ಅಣ್ಣ ಮುಳ್ಳೇರಿಯಕ್ಕೆ ಹೊರಡಲು ಮುಖ ತೊಳೆಯುತ್ತಿದ್ದ. ಕಾರ್ಡು ಚಾವಡಿಯ ಮೆಟ್ಟಿಲ ಮೇಲಿತ್ತು. ನಾನು ಹಟ್ಟಿಗೆ ಹೋಗಿ ಮಡಕೆಯಿಂದ ಇಜಾರನ್ನು ಎಳೆದು ಹಿಂಬದಿಯ ಕಲ್ಲಿನ ಮೇಲೆ ಹಾಕಿದೆ. ಹಸಿರುಹಳದಿ, ನಾತ ಹೊಡೆಯುವ ಒಂದು ಮುದ್ದೆ. ದೈವ ನನ್ನ ಮಾತು ಕೇಳಿತು ಎಂದುಕೊಂಡೆ, ಉಸ್ಸಪ್ಪ ಎಂದು ಉಸಿರು ಬಿಟ್ಟೆ. ಹಾಗೆ ನೋಡುತ್ತಾ ನಿಂತಿದ್ದೇನೆ, ಗಾಳಿ ಬಡಿದ ಕಡೆಯೆಲ್ಲ ಅದರ ಹಸಿರು ಕಡಿಮೆಯಾಗುತ್ತಾ ಬಂತು. ಅಂಚಿನಲ್ಲಿ ನೀಲಿ ಇಣುಕಿತು. ಮಡಚಿದ್ದನ್ನು ಬಿಡಿಸಿದೆ, ಬಿಡಿಸಿದ ಕಡೆಯೂ ನೀಲಿ. ಎರಡು ಎಲೆ ಅಡಿಕೆ ಜಗಿಯುವ ಹೊತ್ತಿನೊಳಗೆ ಇಡೀ ಇಜಾರು ನೀಲಿಯಾಯಿತು. ಮೊದಲಿನಷ್ಟು ಗಾಢವಲ್ಲ, ಅಲ್ಲಲ್ಲಿ ಹೆಚ್ಚುಕಡಿಮೆ. ಹಿಂಬದಿ ತಿರುಗಿಸಿದೆ. ಕಲೆ ಎಲ್ಲಿ? ಹುಡುಕಿದರೂ ಇಲ್ಲ. ನೀಲಿ ಅದರ ಮೇಲೆಯೇ ಹತ್ತಿ ಕೂತಿತ್ತು.

ತೌಡು, ಬೆಲ್ಲ, ಬೂದಿ ಸೇರಿಸಿ ಹುಳಿಹಿಡಿಸಿಯೇ ನೀಲಿ ಬಣ್ಣದವರು ನೂಲಿಗೆ ನೀಲಿ ಹಾಕುತ್ತಿದ್ದರೆಂದು ಎಷ್ಟೋ ವರ್ಷಗಳ ಮೇಲೆ ಒಬ್ಬರು ಹೇಳಿದರು. ಅಮ್ಮ ದನಕ್ಕೆಂದು ಸುರಿದದ್ದು ಬಟ್ಟೆ ಬಿಟ್ಟ ನೀಲಿಯನ್ನೇ ಮತ್ತೆ ಬಟ್ಟೆಗೆ ಹತ್ತಿಸಿತು. ಆಗ ನನಗೆ ಅದೆಲ್ಲ ಗೊತ್ತಿರಲಿಲ್ಲ, ಮಾಟ ಎಂದೇ ಹೆದರಿದೆ.

ಅದನ್ನು ಮತ್ತೆ ಮಡಕೆಯಲ್ಲಿ ಹೂತುಬಿಡಬಹುದಿತ್ತು. ಗುಡ್ಡೆಯ ಆಚೆ ಎಸೆಯಬಹುದಿತ್ತು. ಯಾರಿಗೂ ಗೊತ್ತಿರಲಿಲ್ಲ. ಹತ್ತು ಸಲ ನೀರು ಹೊಯ್ದು ಒಗೆದೆ, ಹಿಂಡಿದೆ, ಒದ್ದೆಯನ್ನೇ ಹಿಡಿದುಕೊಂಡು ಮುಂಬಾಗಿಲಿಗೆ ಬಂದೆ. ಅಣ್ಣ ಮೆಟ್ಟಿಲಿಳಿಯುತ್ತಿದ್ದ, ಕಾರ್ಡು ಅವನ ಅಂಗಿಯ ಕಿಸೆಯಲ್ಲಿತ್ತು.

“ಇಕೊ, ನಿನ್ನ ಇಜಾರು” ಎಂದೆ.

ಅವನು ಇಜಾರನ್ನು ನೋಡಲಿಲ್ಲ, ನನ್ನ ಕೈ ನೋಡಿದ.

“ನಿನ್ನ ಉಗುರು ನೀಲಿ ಆದದ್ದು ನಾನು ಮೊನ್ನೆಯೇ ನೋಡಿದ್ದೆ” ಎಂದ. “ಬೀಜ ಒಣಗಿಸುವಾಗ.”

ಆಗ ನನಗೆ ಅರ್ಥವಾಯಿತು. ಇಜಾರು ನನ್ನ ಬಳಿ ಇದೆ ಎಂದು ಗೊತ್ತಿದ್ದೇ ಅವನು ಬಾಯ್ಲರಿನ ವಿಷಯ ಹೇಳಿದ್ದು. ಕೊಡಬೇಡ ಎಂದು ಕೇಳಲು ಅವನಿಗೆ ಬಾಯಿ ಬಂದಿರಲಿಲ್ಲ, ಅದಕ್ಕೆ ಹಾಗೆ ಕೇಳಿದ್ದ. ಆದರೂ ಕೈ ಹಿಂದೆ ಎಳೆದುಕೊಳ್ಳಲಿಲ್ಲ, ಇಜಾರು ಹಿಡಿದುಕೊಂಡೇ ನಿಂತೆ. ಅದರಿಂದ ನೀರು ತೊಟ್ಟಿಕ್ಕುತ್ತಿತ್ತು.

ಅವನು ತೆಗೆದುಕೊಂಡ. ಹಿಂದೆ ಮುಂದೆ ತಿರುಗಿಸಿದ. ಗೇರುಹಣ್ಣಿನ ಕಲೆ ತೆಗೆಯಲು ಒಯ್ದದ್ದು ಎಂದೆ. “ಕಲೆ ಆಗಿತ್ತಾ? ಅಷ್ಟಕ್ಕಾ ಇಷ್ಟೆಲ್ಲ?” ಎಂದು ಸ್ವಲ್ಪ ನಕ್ಕ. “ಗೋದಿಯಲ್ಲಿ ಎಲ್ಲರ ಇಜಾರೂ ಎಣ್ಣೆ, ಮಸಿ. ಕಲೆ ಇದ್ರೆ ಯಾರು ನೋಡ್ತಿದ್ರು?” ಕಿಸೆಯಿಂದ ಕಾರ್ಡು ತೆಗೆದು ನಾಲ್ಕಾಗಿ ಹರಿದು ತೊಂಡೆಚಪ್ಪರದ ಬುಡಕ್ಕೆ ಹಾಕಿದ.

ಇಜಾರು ಸಿಕ್ಕಿತೆಂದು ಅಮ್ಮನಿಗೆ ಖುಷಿಯಾಗಲಿಲ್ಲ, ಬೇಜಾರೂ ತೋರಿಸಲಿಲ್ಲ. ಎಲ್ಲಿ ಸಿಕ್ಕಿತು ಎಂದು ಕೇಳಿದಾಗ ಗುಡ್ಡೆಯ ಪೊದೆಯಲ್ಲಿ ಎಂದು ಅಣ್ಣನೇ ಹೇಳಿದ. ಬಾಯಾರಿಗೆ ಬೇಡ ಎಂದು ಹೇಳಿಕಳುಹಿಸಿದರು. ಹೊರಡುವ ದಿನ ಇದ್ದಲಿನಲ್ಲಿ ಓಡುವ ಬಸ್ಸು ಕೆಮ್ಮುತ್ತಾ ಕೆಮ್ಮುತ್ತಾ ನಮ್ಮನ್ನು ಕಾಸರಗೋಡಿಗೆ ತಂದು ಹಾಕಿತು, ಅಲ್ಲಿಂದ ರೈಲು. ಅಣ್ಣ ದಾರಿಯುದ್ದಕ್ಕೂ ಕಿಟಕಿಯ ಹೊರಗೆ ಮುಖ ಇಟ್ಟುಕೊಂಡಿದ್ದ. ನಾನು ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿದೆ. ಆಸ್ಪತ್ರೆಯ ಮಾತು, ಬಿಳಿ ಸೀರೆಯ ಮಾತು, ತೆಂಗಿನ ಮರದ ಮಾತು. ಅವನು ಹೂಂ ಎನ್ನುತ್ತಿದ್ದ. ಸುಮ್ಮನಾದರೆ ಅವನು ಏನಾದರೂ ಹೇಳಿಬಿಡುತ್ತಾನೆ ಎಂದು ನನಗೆ ಹೆದರಿಕೆ.

ಮಂಗಳೂರಿನ ಬಂದರಿನಲ್ಲಿ ಹಡಗು ದೂರ ನಿಂತಿತ್ತು. ಅಲ್ಲಿಯವರೆಗೆ ದೋಣಿಯಲ್ಲಿ ಹೋಗಬೇಕು. ಪಡುವಣ ದಿಕ್ಕಿನಲ್ಲಿ ಮೋಡ ಕಟ್ಟಿತ್ತು, ದೋಣಿಯವರು ಅವಸರ ಮಾಡುತ್ತಿದ್ದರು. ಅವನು ಪೆಟ್ಟಿಗೆ ಹೆಗಲಿಗಿಟ್ಟು ಇಳಿಯುವ ಮೊದಲು ಒಮ್ಮೆ ನಿಂತ.

“ಒಳ್ಳೆ ಮಾಡಿ ಕಲಿ, ಆಯ್ತಾ? ನಾನು ಹೋದದ್ದು ದಂಡ ಆಗಬಾರದು.”

ಅವನು ಆಮೇಲೆ ಹತ್ತೊಂಬತ್ತು ವರ್ಷ ಅಲ್ಲಿಯೇ ದುಡಿದ. ನಾನು ಕಲಿತೆ, ಲೆಕ್ಕ ಇಡದಷ್ಟು ಮಕ್ಕಳನ್ನು ಕೈಯಲ್ಲಿ ಹಿಡಿದೆ. ಆ ದಿನ ಬಂದರಿನಲ್ಲಿ ಅವನು ನನ್ನ ಉತ್ತರಕ್ಕೆ ಕಾಯುತ್ತಾ ಒಂದು ಗಳಿಗೆ ನಿಂತಿದ್ದ. ದೋಣಿಯವನು ಕೂಗುತ್ತಿದ್ದ. ಹೋಗಬೇಡ ಅಣ್ಣ ಎನ್ನಲು ಅಷ್ಟು ಹೊತ್ತು ಧಾರಾಳ ಸಾಕಿತ್ತು.

“ಆಯ್ತು” ಎಂದೆ.